ಹೀರೇಕಾಯಿಗೆ ಅಡ್ಡ ಬಂದ ಅಣೆಕಟ್ಟು

ಮಿರ್ಚಿ ತರಕಾರಿ ಹೌದೋ ಅಲ್ಲವೋ? ಹೊಸಪೇಟೆಯಲ್ಲಿ ಈ ಪ್ರಶ್ನೆಯನ್ನು ಸಂಜೆ ಐದರ ಮೇಲೆ ಕೇಳಬಾರದು. ಆ ಹೊತ್ತಿಗೆ ಬಂಡಿಗಳ ಮೇಲೆ ಎಣ್ಣೆ ಕಾದಿರುತ್ತದೆ, ಕಡಲೆಹಿಟ್ಟು ಕಲೆಸಿ ಆಗಿರುತ್ತದೆ, ಮಂಡಕ್ಕಿ ಒಗ್ಗರಣೆಯ ಮೇಲೆ ಪುಟಾಣಿ ಪುಡಿ ಉದುರುತ್ತಿರುತ್ತದೆ. ನ್ಯಾಯ ಹೇಳಬೇಕಾದ ಹಿರಿಯರೆಲ್ಲ ಪೇಪರ್ ಹಾಳೆ ಹಿಡಿದು ಬಂಡಿಯ ಸುತ್ತ ನಿಂತಿರುತ್ತಾರೆ. ಅಂಥವರ ಬಾಯಿಂದ ಯಾವ ನ್ಯಾಯ ಬಂದೀತು? ನಮ್ಮಕ್ಕನ ಗಂಡ, ಅಂದರೆ ನಮ್ಮ ಮಾಮ, ಈ ಬಾಬತ್ತಿನಲ್ಲಿ ತಮ್ಮ ತೀರ್ಪನ್ನು ಎಂದೋ ಕೊಟ್ಟುಬಿಟ್ಟಿದ್ದಾರೆ. “ಗಿಡದಾಗ ಬೆಳೀತೈತೆ, ಹಸಿರೈತೆ, ಮಾರ್ಕೆಟ್ಟಿನಾಗ ತೂಗಿ ಕೊಡ್ತಾರೆ. ತರಕಾರಿ ಅಲ್ಲ ಅಂದ್ರೆ ಮತ್ತೇನು, ಸೊಂಡೂರಿನ ಅದಿರಾ?”

ತೀರ್ಪು ಕೊಟ್ಟರೂ ಮಾಮನಿಗೆ ನೆಮ್ಮದಿಯಿಲ್ಲ. ಕಾರಣ ಡಾಕ್ಟರು. ಸಕ್ಕರೆ ಗಡಿಯಲ್ಲಿ ನಿಂತಿದೆ, ರಕ್ತ ಸ್ವಲ್ಪ ಕಡಿಮೆ ಇದೆ, ಅನ್ನ ಇಳಿಸಿ ತರಕಾರಿ ಏರಿಸಿ ಎಂದು ಅವರು ಹೇಳಿ ಕಳಿಸಿದ್ದಾರೆ. ಮಾಮ ಸೊಂಡೂರಿನ ಗಣಿಗಳ ಕಡೆ ಲಾರಿ ಲೆಕ್ಕ ಬರೆದು ನಿವೃತ್ತರಾದವರು. ಏರಿಸುವುದು, ಇಳಿಸುವುದು ಎಂದರೆ ಅವರಿಗೆ ಟನ್ನಿನ ಮಾತು. ಹಾಗಾಗಿ ಮನೆಗೆ ಬಂದವರೇ ನನ್ನನ್ನು ಕರೆಸಿ, “ಏರಿಸ್ರಿ ಅಂದಾರೆ. ಎಷ್ಟಕ್ಕ ಏರಿಸಬೇಕು ಅಂತ ಹೇಳಿಲ್ಲ. ನೀನು ಪೇಪರ್ ಓದೋನು, ಹೇಳು” ಎಂದರು.

ಹೇಳಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ನಮ್ಮ ದೇಶದವರಿಗೆಂದೇ ಆಹಾರದ ಮಾರ್ಗಸೂಚಿ ಹೊರಡಿಸಿದೆ. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, ಅಕ್ಕಿ ಜೋಳ ಗೋಧಿ ಎಲ್ಲಾ ಸೇರಿ 250 ಗ್ರಾಂ ಧಾನ್ಯ ಎಂದು ಅದರ ಲೆಕ್ಕ. ಮಾಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂಡಿಸಿದರು, ಭಾಗಿಸಿದರು. ಅವರ ಮುಖ ಅರಳಿದ್ದು ನೋಡಿಯೇ ನನಗೆ ಅನುಮಾನ ಬಂತು. “ಒಂದು ಬಜ್ಜಿ ಮೆಣಸಿನಕಾಯಿ ಇಪ್ಪತ್ತು ಗ್ರಾಂ ಹಿಡಿ. ಅಲ್ಲಿಗೆ ಇಪ್ಪತ್ತು ಮಿರ್ಚಿ. ಮುಂಜಾನಿ ಎಂಟು, ಸಂಜಿಗೆ ಹನ್ನೆರಡು. ಆಗದ ಕೆಲಸೇನಲ್ಲ ಬಿಡು.”

ಹಿಟ್ಟು, ಎಣ್ಣೆಯ ತೂಕ ಯಾರ ಖಾತೆಗೆ ಎಂದು ಅಕ್ಕ ಒಳಗಿಂದಲೇ ಕೇಳಿದಳು. ಆ ಯೋಜನೆ ಅಲ್ಲಿಗೆ ಬಿದ್ದುಹೋಯಿತು. ಆಮೇಲೆ ಮಾಮ ಆಲೂಗಡ್ಡೆಯನ್ನು ತಂದು ನಿಲ್ಲಿಸಿದರು. ಅದಕ್ಕೂ ಅಡ್ಡಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯೂ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ತಿನ್ನಿ ಎನ್ನುತ್ತದೆ, ಆದರೆ ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. “ಅದೇನು ಪಾಪ ಮಾಡೈತಪ್ಪ?” ಎಂದು ಮಾಮ ನೊಂದುಕೊಂಡರು. ಪಾಪ ಮಾಡಿಲ್ಲ ಮಾಮ, ಅದು ಅನ್ನದ ಕಡೆಯ ನೆಂಟ, ನಮ್ಮ ಕಡೆಯದಲ್ಲ ಎಂದೆ.

ಇದಾದ ಮೇಲೆ ದಸರಾ ರಜೆಗೆ ಬೆಂಗಳೂರಿನಿಂದ ಮಾಮನ ಮಗಳು ಬಂದಳು. ಅಪ್ಪನ ಮೇಲಿನ ಪ್ರೀತಿಯಿಂದ ಒಂದು ದೊಡ್ಡ ಗಾಜಿನ ಬೋಗುಣಿ, ಒಂದು ಪುಟ್ಟ ಬಾಟಲಿ ಆಲಿವ್ ಎಣ್ಣೆ, ಐಸ್‌ಬರ್ಗ್ ಎಂಬ ಹೆಸರಿನ ಎಲೆಕೋಸಿನ ಚಹರೆಯ ಸೊಪ್ಪು, ಬ್ರೊಕೊಲಿ, ನೇರಳೆ ಬಣ್ಣದ ಕೋಸು ಎಲ್ಲ ತಂದಿದ್ದಳು. ಹೆಚ್ಚಿ, ಕಲೆಸಿ, ಮೇಲೆ ನಾಲ್ಕು ಕುಂಬಳ ಬೀಜ ಉದುರಿಸಿ, ಮಧ್ಯಾಹ್ನ ಒಂದಕ್ಕೆ ಅಪ್ಪನ ಮುಂದಿಟ್ಟಳು. ಮಾಮ ಬಹಳ ಹೊತ್ತು ಬೋಗುಣಿಯನ್ನೇ ನೋಡಿದರು. ಒಗ್ಗರಣೆ ಬೀಳುವ ಸದ್ದಿಗೆ ಕಾದರು. ಬೀಳಲಿಲ್ಲ. “ಛಲೋ ಆಗೈತವ್ವ. ಸಂಜಿಗೆ ಹಂಪಿಗೆ ಹೋಗ್ತೀವಲ್ಲ, ಲಕ್ಷ್ಮಿಗೆ ಕೊಟ್ಟು ಬರೋಣು” ಎಂದರು.

ಲಕ್ಷ್ಮಿ ಎಂದರೆ ವಿರೂಪಾಕ್ಷನ ಗುಡಿಯ ಆನೆ. ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬಂದು ದಿನವಿಡೀ ಜನರ ತಲೆ ಮೇಲೆ ಸೊಂಡಿಲಿಟ್ಟು ಹರಸುವವಳು. ನನ್ನನ್ನು ಕೇಳಿದರೆ ಅವಳೂ ಆ ಬೋಗುಣಿಯನ್ನು ಮೂಸಿ ಬಿಡುತ್ತಿದ್ದಳು. ಭಕ್ತರ ಬಾಳೆಹಣ್ಣಿನ ರುಚಿ ಹತ್ತಿದ ಬಾಯಿ ಅದು. ಕಮಲಾಪುರದಾಚೆಯ ದರೋಜಿಗೆ ಹೋಗಿ ನೋಡಿ, ಅಲ್ಲಿ 1994ರಿಂದ ಕರಡಿಧಾಮವಿದೆ. ಬಾರೆ, ಕವಳೆಯಂಥ ಕಾಡುಹಣ್ಣು, ಗೆದ್ದಲು, ಜೇನು ಎಲ್ಲ ಕೈಗೆ ಸಿಗುವ ಪ್ರಾಣಿ ಕರಡಿ. ಅದು ಹಗಲು ಗುಹೆ ಬಿಟ್ಟು ಪ್ರವಾಸಿಗರ ಕಣ್ಣಿಗೆ ಬೀಳಲಿ ಎಂದು ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಿದ್ದರು. ಕರಡಿಯೇ ಬೆಲ್ಲ ಬಳಿದರೆ ಬಂಡೆಯನ್ನೂ ನೆಕ್ಕುವ ಸೀಮೆ ನಮ್ಮದು. ಇಲ್ಲಿ ಮಾಮನ ಮುಂದೆ ಬರಿಯ ಎಲೆ ಇಟ್ಟು “ತಿನ್ನಪ್ಪಾ” ಎಂದರೆ ಯಾವ ನ್ಯಾಯ?

ಹಾಗಂತ ನಮ್ಮ ಸೀಮೆಗೆ ತರಕಾರಿ ಅಪರೂಪವೇ? 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸರವನು ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು, ವಿಜಯನಗರದ ಪೇಟೆಗಳನ್ನು ಸುತ್ತಿ ಬಾಯಿ ಬಿಟ್ಟಿದ್ದಾನೆ. ದಿನಾ ಹೇರು ಹೇರಾಗಿ ಬರುವ ನಿಂಬೆಹಣ್ಣು, ಕಿತ್ತಳೆ, ಬದನೆಕಾಯಿ, ತೋಟದ ಕಾಯಿಪಲ್ಲೆ ನೋಡಿ ತಲೆ ತಿರುಗಿತು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅವನು ಬೆರಗಾದ ಬದನೆಕಾಯಿಯನ್ನು ನಾವು ಈಗಲೂ ಮುಳಗಾಯಿ ಎಂದು ಕರೆದು ಎಣ್ಣೆಗಾಯಿ ಮಾಡುತ್ತೇವೆ. ಅವನ ನಂತರ ಬಂದ ನೂನಿಜ್ ಎಂಬ ಕುದುರೆ ವ್ಯಾಪಾರಿ ಅರಸರ ಊಟದ ಪಟ್ಟಿ ಕೊಡುತ್ತಾನೆ: ಕುರಿ, ಹಂದಿ, ಜಿಂಕೆ, ಮೊಲ, ಕವುಜುಗ, ಗುಬ್ಬಿ, ಅಷ್ಟಕ್ಕೇ ಬಿಡದೆ ಇಲಿ, ಬೆಕ್ಕು, ಹಲ್ಲಿಯವರೆಗೆ. ಇದನ್ನು ಓದಿ ಹೇಳಿದಾಗ ಮಾಮನಿಗೆ ಬಲು ಖುಷಿ. “ನೋಡು, ರಾಯರೂ ಸೊಪ್ಪು ತಿನ್ನಲಿಲ್ಲ!” ಕುದುರೆ ಮಾರಲು ಬಂದವನು ಪಟ್ಟಿಯಲ್ಲಿ ಪುಂಡಿಪಲ್ಯ ಬರೆಯುತ್ತಾನೆಯೇ ಮಾಮ? ಊರಿಗೆ ಹೋಗಿ ಹೇಳಿದರೆ ಕೇಳುವವರಿಗೆ ಹಲ್ಲಿಯಲ್ಲಿರುವ ಸ್ವಾರಸ್ಯ ಪುಂಡಿಯಲ್ಲಿ ಇರುವುದಿಲ್ಲ.

ಆಗಿನವರೂ ಪಲ್ಯ ತಿನ್ನುತ್ತಿದ್ದರು ಎನ್ನುವುದಕ್ಕೆ ಹಂಪಿಯಲ್ಲೇ ಕಲ್ಲಿನ ಸಾಕ್ಷಿಯಿದೆ. ಕಮಲಾಪುರದ ಕಡೆಯ ಅರಮನೆ ಪ್ರದೇಶದಲ್ಲಿ ಭೋಜನಶಾಲೆ ಎಂದು ಜನ ಕರೆಯುವ ಒಂದು ಜಾಗ. ನಡುವೆ ನೀರು ಹರಿಯುವ ಕಲ್ಲಿನ ಕಾಲುವೆ, ಅದರ ಎರಡೂ ಅಂಚಿಗೆ ಸಾಲಾಗಿ ಕೆತ್ತಿದ ಕಲ್ಲಿನ ತಟ್ಟೆಗಳು. ಒಂದೊಂದು ತಟ್ಟೆಯಲ್ಲೂ ದೊಡ್ಡದೊಂದು ಜಾಗ, ಬದಿಗೆ ಪುಟ್ಟ ಪುಟ್ಟ ಗುಳಿಗಳು. ದೊಡ್ಡದು ಅನ್ನಕ್ಕೋ ರೊಟ್ಟಿಗೋ ಇರಬೇಕು. ಪುಟ್ಟ ಗುಳಿಗಳನ್ನು ಕಲ್ಕುಟಿಗ ಸುಮ್ಮನೆ ಕೊರೆದನೇ? ಪಲ್ಯಕ್ಕೆ, ಕಾಳಿಗೆ, ಪಚಡಿಗೆ, ಉಪ್ಪಿನಕಾಯಿಗೆ ಸೀಟು ಕಾದಿರಿಸಿದ್ದಾನೆ. ಅಷ್ಟೇ ಯಾಕೆ, ಹೇಮಕೂಟದ ಎರಡು ಕಡೆ ಕೂತಿರುವ ಎರಡು ಏಕಶಿಲಾ ಗಣಪತಿಗಳ ಹೆಸರು ನೋಡಿ: ಒಬ್ಬ ಸಾಸಿವೆಕಾಳು, ಇನ್ನೊಬ್ಬ ಕಡಲೆಕಾಳು. ಸಾಸಿವೆಯ ಗಣಪನೇ ಎಂಟಡಿ, ಕಡಲೆಯವನು ಅದರ ಇಮ್ಮಡಿ ಹತ್ತಿರ. ಒಗ್ಗರಣೆಗೆ ಬೀಳುವ ಕಾಳುಗಳ ಹೆಸರನ್ನು ದೇವರಿಗಿಟ್ಟು ಕೈಮುಗಿದ ಜನ ನಾವು. ನಮಗೆ ಒಗ್ಗರಣೆಯಿಲ್ಲದ ಬೋಗುಣಿ ರುಚಿಸಲಿಲ್ಲ ಎಂದರೆ ಅದರಲ್ಲಿ ದೈವಭಕ್ತಿಯೂ ಇದೆಯೆಂದು ಮಗಳಿಗೆ ಹೇಳಿ ನೋಡಿದೆ. ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡಳು.

ಇರಲಿ. ಪುಟ್ಟ ಗುಳಿಗಳೆಲ್ಲ ಎಲ್ಲಿ ಹೋದವು? ಇವತ್ತು ಮಾಮನ ಸ್ಟೀಲ್ ತಟ್ಟೆ ನೋಡಿ. ನಡುವೆ ಅನ್ನದ ಗುಡ್ಡ, ಅದರ ನೆತ್ತಿಯಲ್ಲಿ ಸಾರಿನ ಹೊಂಡ, ಅಂಚಿನಲ್ಲಿ ಗುಡಿಯ ಗಂಧದಷ್ಟು ಪಲ್ಯ. ಪಲ್ಯ ಅಲ್ಲಿರುವುದು ಅಕ್ಕನ ಸಮಾಧಾನಕ್ಕೆ. ಈ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದನ್ನು ಮಾಮನ ಮುಂದೆ ಹೇಳಿದಾಗ ಅವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಹೀರೇಕಾಯಿಯನ್ನು ನಮ್ಮ ತಟ್ಟೆಯಿಂದ ಓಡಿಸಿದ್ದು ತುಂಗಭದ್ರಾ ಅಣೆಕಟ್ಟು.

“ಅಣೆಕಟ್ಟಿಗೂ ಹೀರೇಕಾಯಿಗೂ ಏನಲೇ ಸಂಬಂಧ? 33 ಗೇಟಿನಾಗ ಯಾವ ಗೇಟಿಗೆ ಸಿಕ್ಕಂಡಿತ್ತು?”

ಸಂಬಂಧ ಹೀಗೆ. ಹೊಳೆಯ ಅಂಚಿನ ಕಾಲುವೆ ಭೂಮಿಯಲ್ಲಿ ಭತ್ತ ಹೊಸದೇನಲ್ಲ. ಬಸವಣ್ಣ ಕಾಲುವೆಯನ್ನು 1521ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ, ಹಂಪಿಯ ತುರ್ತು ಕಾಲುವೆ ಅದಕ್ಕೂ ಹಳೆಯದು, ಅವುಗಳ ಕೆಳಗೆ ಭತ್ತ, ಕಬ್ಬು, ಬಾಳೆ ಅಂದಿನಿಂದಲೂ ಇವೆ. ಆದರೆ ಕಾಲುವೆ ದಾಟಿದರೆ ಸುತ್ತೆಲ್ಲ ಒಣ ಹೊಲ: ಜೋಳ, ಸಜ್ಜೆ, ನವಣೆ. ಅಲ್ಲಿಯವರಿಗೆ ಅನ್ನ ಹಬ್ಬಕ್ಕೆ, ನೆಂಟರಿಗೆ, ಜ್ವರಕ್ಕೆ. ದಿನದ ಊಟ ರೊಟ್ಟಿ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಆ ನೀರನ್ನು ಜೋಳ, ಹತ್ತಿಯಂಥ ಹಗುರ ನೀರಾವರಿ ಬೆಳೆಗೆ ಹಂಚುವುದೆಂದು ಯೋಜನೆ ಮಾಡಿದವರ ಎಣಿಕೆ. ನೀರು ಕಂಡ ರೈತ ಎಣಿಕೆ ಕೇಳುತ್ತಾನೆಯೇ? ಕಾಲುವೆಯ ಮೇಲ್ಭಾಗದಲ್ಲಿ ಎಲ್ಲ ಭತ್ತಕ್ಕಿಳಿದರು, ಕೊನೆಯವರು ನೀರಿಗಾಗಿ ಇವತ್ತಿಗೂ ಕಾಯುತ್ತಾರೆ. ಕಂಪ್ಲಿ, ಗಂಗಾವತಿ, ಸಿರುಗುಪ್ಪ ಸೋನಾ ಮಸೂರಿಯ ಸೀಮೆಯಾದವು. ಮಾಮನ ಮೂಲ ಊರು ಕಂಪ್ಲಿ. ಸುಗ್ಗಿಯಾದ ಮೇಲೆ ಅಣ್ಣತಮ್ಮಂದಿರ ಗದ್ದೆಯಿಂದ ಅಕ್ಕಿ ಮೂಟೆ ಬಾಗಿಲಿಗೇ ಬಂದು ಬೀಳುತ್ತದೆ. ಗದ್ದೆ ಇಲ್ಲದವರಿಗೂ 2013ರಿಂದ ಅನ್ನಭಾಗ್ಯ ಇದೆ. ಹಸಿವು ನೀಗಿತು, ಅದು ದೊಡ್ಡ ಮಾತು, ಅದರ ಬಗ್ಗೆ ನನ್ನ ತಕರಾರು ಖಂಡಿತ ಇಲ್ಲ. ತಕರಾರು ಪಲ್ಯದ ಬಗ್ಗೆ ಮಾತ್ರ.

ಯಾಕೆಂದರೆ ಅನ್ನಕ್ಕೆ ಪಲ್ಯದ ಹಂಗಿಲ್ಲ. ಸಾರು ಸುರಿದರೆ ತಾನೇ ಜಾರಿ ಇಳಿಯುತ್ತದೆ. ಮೊಸರು ಸುರಿದರೆ ಇನ್ನೂ ಬೇಗ. ಒಂದು ಟೊಮೆಟೊ, ಚಿಟಿಕೆ ಹುಣಸೆ ಕಿವುಚಿದ ಸಾರಿನಲ್ಲಿ ನಾಲ್ಕು ಜನರ ಮನೆ ದಾಟಿಹೋಗುತ್ತದೆ. ರೊಟ್ಟಿ ಹಾಗಲ್ಲ, ಅದು ಹಟಮಾರಿ. ಬರೀ ರೊಟ್ಟಿಯನ್ನು ಬಾಯಿಗಿಟ್ಟು ನೋಡಿ, ಗಂಟಲಲ್ಲೇ ಧರಣಿ ಕೂರುತ್ತದೆ. ಮುರಿದ ಒಂದೊಂದು ತುಣುಕಿಗೂ ಒಂದು ಚಿವುಟು ಪಲ್ಯ ಕೊಡಲೇಬೇಕು. ಎರಡು ರೊಟ್ಟಿ ಮುಗಿಯುವ ಹೊತ್ತಿಗೆ ಒಂದು ಬಟ್ಟಲು ಎಣ್ಣೆಗಾಯಿ, ಅರ್ಧ ಬಟ್ಟಲು ಪುಂಡಿಪಲ್ಯ, ಒಂದಿಷ್ಟು ಮಡಕೆಕಾಳು ಒಳಗೆ ಹೋಗಿರುತ್ತದೆ. ಯಾರೂ ಒತ್ತಾಯ ಮಾಡಿರುವುದಿಲ್ಲ, ಯಾವ ಮಾರ್ಗಸೂಚಿಯನ್ನೂ ಓದಿರುವುದಿಲ್ಲ. ತರಕಾರಿ ತಿನ್ನು ಎಂದು ಬಾಯಿಗೆ ಹೇಳುವುದಕ್ಕಿಂತ ತಟ್ಟೆಯ ನಡುವೆ ರೊಟ್ಟಿ ಇಟ್ಟುಬಿಡುವುದು ಸುಲಭ. ಉಳಿದದ್ದನ್ನು ಅದೇ ಎಳೆದು ತರುತ್ತದೆ.

ಇದನ್ನು ಮಾಮನ ಮೇಲೇ ಪ್ರಯೋಗ ಮಾಡಿ ನೋಡಿದ್ದೇವೆ, ಅವರಿಗೆ ತಿಳಿಯದ ಹಾಗೆ. ರೊಟ್ಟಿಯ ದಿನ ಅಕ್ಕ ತಟ್ಟೆಯ ಪಕ್ಕಕ್ಕೆ ಒಂದು ಕಟ್ಟು ಎಳೆ ಮೆಂತ್ಯ, ಎಲೆ ಸಮೇತ ಮೂಲಂಗಿ, ಉಳ್ಳಾಗಡ್ಡಿ, ಸೌತೆಕಾಯಿ ಇಡುತ್ತಾಳೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು ಒಂದೊಂದು ಮೂಲೆಗೆ. ಬೋಗುಣಿಯಲ್ಲಿದ್ದ ಎಲೆಯನ್ನು ಆನೆಗೆ ಬರೆದುಕೊಟ್ಟ ಅದೇ ಮನುಷ್ಯ ಇಲ್ಲಿ ಮೆಂತ್ಯದ ಕಟ್ಟನ್ನು ಬೇರಿನ ಗಂಟಿನ ತನಕ ಮೇಯುತ್ತಾರೆ, ಮೂಲಂಗಿಯನ್ನು ಕಟಂ ಎಂದು ಕಚ್ಚುತ್ತಾರೆ, ನಡುನಡುವೆ ಪುಡಿಯಲ್ಲಿ ಅದ್ದುತ್ತಾರೆ. ಮಗಳು ವಿಡಿಯೊ ಕರೆಯಲ್ಲಿ ನೋಡಿ, “ಅಪ್ಪಾ, ನೀವು ತಿಂತಿರೋದು ಹಸೀದು!” ಎಂದು ಕಿರುಚಿದಳು. ಮಾಮನಿಗೆ ಅವಮಾನವಾಯಿತು. “ಇದು ಹಸೀದು ಅಲ್ಲವ್ವ, ಇದು ರೊಟ್ಟಿ ಜತಿಗಿಂದು” ಎಂದರು. ನಾನೂ ತಲೆ ಆಡಿಸಿದೆ. ಜೊತೆ ಸರಿಯಾಗಿದ್ದರೆ ಎಂಥವನೂ ದಾರಿಗೆ ಬರುತ್ತಾನೆ.

ಬೇಯಿಸಿ, ಎಣ್ಣೆ ಹಾಕಿ ತಿಂದರೆ ಸತ್ವವೆಲ್ಲ ಹೋಯಿತು ಎಂದು ಹೆದರಿಸುವವರು ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜ. ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ, ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ಆದರೆ ನಾರು ಎಲ್ಲಿಗೂ ಹೋಗುವುದಿಲ್ಲ. ಸೊಪ್ಪು, ಗಜ್ಜರಿಯಲ್ಲಿರುವ ಕ್ಯಾರೊಟಿನ್ ದೇಹಕ್ಕೆ ಹತ್ತಬೇಕಾದರೆ ಜೊತೆಗೆ ಒಂದಿಷ್ಟು ಎಣ್ಣೆ ಬೇಕೇ ಬೇಕು, ಟೊಮೆಟೊದ ಕೆಂಪು ಬಣ್ಣದ ಲೈಕೊಪಿನ್ ಅಂತೂ ಹಸಿಯದಕ್ಕಿಂತ ಬೆಂದದ್ದರಿಂದ ಚೆನ್ನಾಗಿ ಸಿಗುತ್ತದೆ. ಅಂದರೆ ಒಗ್ಗರಣೆ ಹಾಕಿದ ಅಜ್ಜಿಯರು ಬರೀ ಬಾಯಿಚಪಲಕ್ಕೆ ಹಾಕಲಿಲ್ಲ. ಹಾಗೆಂದು ಎಣ್ಣೆಗಾಯಿಯ ಹೆಸರಿನ ಅರ್ಧ ಭಾಗವನ್ನೇ ಹಿಡಿದು ನಡೆದರೆ ಕಷ್ಟ. ನಮ್ಮ ಕಡೆಯ ಖಾನಾವಳಿಗಳಲ್ಲಿ ಕೆಲವು ಎಣ್ಣೆಗಾಯಿಗಳು ಈಜು ಕಲಿತಿರುತ್ತವೆ. ಮನೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಹುರಿದು ಪುಡಿ ಮಾಡಿ ತುಂಬಿದರೆ ಆ ಕಾಳಿನ ಎಣ್ಣೆಯೇ ಮುಕ್ಕಾಲು ಕೆಲಸ ಮುಗಿಸುತ್ತದೆ.

ಸೊಪ್ಪಿನ ವಿಚಾರಕ್ಕೆ ಬಂದರೆ ಸೊಂಡೂರನ್ನು ಮರೆಯುವ ಹಾಗಿಲ್ಲ. ಕುಮಾರಸ್ವಾಮಿ ಬೆಟ್ಟದ ಸಾಲು ಮುಂಗಾರಿಗೆ ಹಸಿರಾಗುವುದನ್ನು ನೋಡಲು ಜನ ಎಲ್ಲಿಂದಲೋ ಬರುತ್ತಾರೆ. ಆ ಹಸಿರಿನ ಬುಡದ ಹೊಲಗಳಲ್ಲಿ ಯಾರೂ ಬಿತ್ತದ ಹಸಿರೊಂದು ಏಳುತ್ತದೆ, ಅದನ್ನು ನೋಡಲು ಬಗ್ಗಬೇಕು. ಹಕ್ಕರಕಿ, ಗೋಣಿಸೊಪ್ಪು, ಕಿರಕಸಾಲಿ, ಅಣ್ಣೆಸೊಪ್ಪು. ಕಳೆ ಕೀಳಲು ಹೋದ ಹೆಂಗಸರು ಸೆರಗಿನಲ್ಲಿ ಕಟ್ಟಿ ತರುತ್ತಾರೆ, ಬೇಳೆಯ ಜೊತೆ ಬೇಯುತ್ತದೆ, ಬೆಳ್ಳುಳ್ಳಿ ಒಗ್ಗರಣೆ ಬೀಳುತ್ತದೆ. ದುಡ್ಡಿಲ್ಲದ ಪಲ್ಯ ಎಂದೇ ಪೇಟೆಯವರಿಗೆ ಅದರ ಮೇಲೆ ಅಸಡ್ಡೆ. ಮಾಮನಿಗೆ ಇನ್ನೊಂದು ಕಾರಣವಿದೆ. ಗಣಿ ಅಬ್ಬರದ ವರ್ಷಗಳಲ್ಲಿ ಲಾರಿಗಳು ಹಗಲಿರುಳು ಓಡಿ ದಾರಿಯ ಎರಡೂ ಕಡೆಯ ಹೊಲಗಳ ಮೇಲೆ ಕೆಂಪು ದೂಳು ಕೂತಿತ್ತು. ಸೊಪ್ಪೂ ಕೆಂಪು, ಹತ್ತಿಯೂ ಕೆಂಪು, ಒಣಹಾಕಿದ ಅಂಗಿಯೂ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಬಿಟ್ಟಿತು. ಲಾರಿಗಳು ಓಡುತ್ತಿದ್ದ ಆ ದಿನಗಳಲ್ಲಿ ಒಂದು ಕಟ್ಟು ಸೊಪ್ಪನ್ನು ಎಷ್ಟು ನೀರಿನಲ್ಲಿ ತೊಳೆದರೂ ಬೋಗುಣಿಯ ತಳದಲ್ಲಿ ಕೆಂಪು ಕೂರುತ್ತಿತ್ತು, ಹಸಿ ಎಲೆ ಬಾಯಿಗಿಡುವ ಧೈರ್ಯ ಅವತ್ತೇ ಹೋಯಿತು ಎನ್ನುತ್ತಾರೆ. ಈ ವಾದಕ್ಕೆ ನಾನು ಎದುರು ಹೇಳುವುದಿಲ್ಲ.

ಹೇಳುವುದು ಇಷ್ಟೇ: ಬದುಕಿಡೀ ಅದಿರಿನ ದೂಳು ಕುಡಿದ ಮನುಷ್ಯನ ರಕ್ತದಲ್ಲಿ ಕಬ್ಬಿಣ ಕಡಿಮೆ! ವರದಿ ಓದಿದ ದಿನ ಅಕ್ಕ ನಕ್ಕಳು, ಮಾಮ ನಗಲಿಲ್ಲ. “ಲಾರಿಗಟ್ಟಲೆ ಚೀನಾಕ್ಕ ಕಳಿಸಿದೆ, ನನಗೊಂದು ಚೂರು ಉಳೀಲಿಲ್ಲ” ಎಂದರು. ಸೊಪ್ಪಿನಲ್ಲಿ ಕಬ್ಬಿಣ ಇದೆ, ಆದರೆ ಅದು ಸುಲಭಕ್ಕೆ ರಕ್ತಕ್ಕೆ ಹತ್ತುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹತ್ತುತ್ತದೆ. ಒಲೆ ಆರಿಸಿದ ಮೇಲೆ ಪಲ್ಯದ ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ ಆಯಿತು. ಪಾಯೆಸ್ ಕಂಡ ನಿಂಬೆಯ ಹೇರು ಈಗಲೂ ಪೇಟೆಗೆ ಬರುತ್ತಲೇ ಇದೆ. ಊಟ ಮುಗಿಯುತ್ತಲೇ ಚಹಾ ಕುಡಿದರೆ ಮಾತ್ರ ಬಂದ ಕಬ್ಬಿಣವೂ ವಾಪಸು. ಇದನ್ನು ಹೇಳಿದಾಗ ಮಾಮ ಚಹಾದ ಲೋಟವನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಅಕ್ಕನದು ಬೇರೆಯೇ ರಾಜಕೀಯ. ಅವಳು ವಾದ ಮಾಡುವುದಿಲ್ಲ, ನುಸುಳಿಸುತ್ತಾಳೆ. ಹೀರೇಕಾಯಿ ಪಲ್ಯ ಬೇಡವೆಂದರೆ ಅದರ ಸಿಪ್ಪೆ ಹುರಿದು ಚಟ್ನಿ. ಮೆಂತ್ಯ ಬೇಡವೆಂದರೆ ಅದನ್ನೇ ಸಣ್ಣಗೆ ಹೆಚ್ಚಿ ತಾಲಿಪಟ್ಟಿಯ ಹಿಟ್ಟಿಗೆ. ಸೋರೆಕಾಯಿ ತುರಿದು ಬೇಳೆಯೊಳಗೆ ಎಷ್ಟು ನುಣ್ಣಗೆ ಮಾಡುತ್ತಾಳೆಂದರೆ ಮಾಮ ಅದನ್ನು “ಇವತ್ತು ಬ್ಯಾಳಿ ಭಾಳ ಮಂದಾಗೈತೆ” ಎಂದು ಹೊಗಳಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ಒಂದೇ ಒಂದು ಸಲ ಅವಳು ಗಡಿ ದಾಟಿದಳು. ಮಂಡಕ್ಕಿ ಒಗ್ಗರಣೆಗೆ ಎಲೆಕೋಸು, ಗಜ್ಜರಿ ತುರಿದು ಹಾಕಿದಳು. ಮಾಮ ಏನೂ ಅನ್ನಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿ ಬಂಡಿಯ ಕಡೆ ಹೊರಟರು. ಕೆಲವು ಸಂಗತಿಗಳನ್ನು ಮುಟ್ಟಬಾರದು ಎಂದು ಅಕ್ಕನೂ ಅವತ್ತು ಒಪ್ಪಿದಳು.

ಬಾಳೆಯ ವಿಚಾರದಲ್ಲಿ ಮಾತ್ರ ನನಗೆ ನಮ್ಮೂರಿನವರ ಮೇಲೇ ಸಿಟ್ಟು. ಕಮಲಾಪುರದಿಂದ ಕಂಪ್ಲಿಯ ತನಕ ಎತ್ತ ನೋಡಿದರೂ ಬಾಳೆ. ಕಲ್ಲಿನ ಮಂಟಪದ ಬೆನ್ನಿಗೇ ತೋಟ. ಎಲೆ ಹಾಸುತ್ತೇವೆ, ಹಣ್ಣು ತಿನ್ನುತ್ತೇವೆ, ಕಂದನ್ನು ಚಪ್ಪರಕ್ಕೆ ಕಟ್ಟುತ್ತೇವೆ. ಗೊನೆ ಕಡಿದ ಮೇಲೆ ದಿಂಡು ಗದ್ದೆಯಲ್ಲೇ ಕೊಳೆಯುತ್ತದೆ, ಹೂವು ಕಾಲುವೆಗೆ ಬೀಳುತ್ತದೆ. ಮಂಗಳೂರಿನ ಕಡೆಯವರು ಆ ದಿಂಡನ್ನು ಸಣ್ಣಗೆ ಹೆಚ್ಚಿ, ಬೆರಳಿಗೆ ನಾರು ಸುತ್ತಿ ತೆಗೆದು, ಮಜ್ಜಿಗೆಯಲ್ಲಿಟ್ಟು ಪಲ್ಯ ಮಾಡಿ ಕಾಯಿತುರಿ ಹಾಕಿ ತಿಂದರೆ ನಾವು ಅವರ ಮನೆಗೆ ನೆಂಟರಾಗಿ ಹೋಗಿ “ಆಹಾ, ಏನಿದು!” ಎನ್ನುತ್ತೇವೆ. ನಮ್ಮೂರಿನದೇ ಮಾಲು ಎಂದು ಹೇಳಲೂ ನಾಚಿಕೆ.

ಹೊಳೆಯಾಚೆಯ ಮಾತೂ ಒಂದಿದೆ. ವಿರುಪಾಪುರ ಗಡ್ಡೆಯಲ್ಲಿ ಹೋಟೆಲುಗಳಿದ್ದ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಅವನ್ನು ಕೆಡವುವ ತನಕ, ನಮ್ಮ ಹುಡುಗರು ಇಸ್ರೇಲಿನವರಿಗೆ ಅವರ ಊರಿನ ಹಾಗೇ ಸೌತೆ, ಟೊಮೆಟೊ ಸಾಸಿವೆಕಾಳಿನಷ್ಟು ಸಣ್ಣಗೆ ಹೆಚ್ಚಿ ಕೊಡುತ್ತಿದ್ದರು, ಕಡಲೆ ರುಬ್ಬಿ ಹಮ್ಮಸ್ ಮಾಡುತ್ತಿದ್ದರು. ಗಿರಾಕಿ ಎದ್ದ ಮೇಲೆ ಅವರು ಅಡುಗೆಮನೆಯ ಹಿಂದೆ ಕೂತು ಉಣ್ಣುತ್ತಿದ್ದದ್ದು ಅನ್ನ ಸಾರು.

ಮಾಮ ನಿಜವಾಗಿ ತರಕಾರಿ ತಿನ್ನುವುದನ್ನು ನೋಡಬೇಕಾದರೆ ಸಂಕ್ರಾಂತಿಗೆ ಬರಬೇಕು. ಅವತ್ತು ಸುತ್ತಲ ಊರಿನವರೆಲ್ಲ ಹಂಪಿಯ ಹೊಳೆಯಲ್ಲಿ ಮಿಂದು, ಬಂಡೆಗಳ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಮುಳಗಾಯಿ, ಅವರೆಕಾಳು, ಗಜ್ಜರಿ, ಚವಳಿಕಾಯಿ, ಹಸಿಕಡಲೆ ಎಲ್ಲ ಬೆರೆತ ಪಲ್ಯ, ಶೇಂಗಾ ಹೋಳಿಗೆ. ಪಕ್ಕದ ಚಾಪೆಯವರು ನಮ್ಮ ಕಡೆ ಪಲ್ಯ ದಾಟಿಸುತ್ತಾರೆ, ನಾವು ಅವರ ಕಡೆ. ಹೊಳೆಯ ಗಾಳಿಗೆ ಹಸಿವು ಬೇರೆ. ಮಾಮ ನಾಲ್ಕು ಮನೆಯ ಪಲ್ಯದ ರುಚಿ ಹೋಲಿಸಿ ತೀರ್ಪು ಕೊಡುವ ನೆಪದಲ್ಲಿ ಸಂಸ್ಥೆಯವರ 400 ಗ್ರಾಮನ್ನು ಹನ್ನೆರಡು ಗಂಟೆಯೊಳಗೇ ದಾಟಿರುತ್ತಾರೆ. ಅನ್ನದ ಡಬ್ಬಿ ತೆರೆಯದೆ ಹಾಗೇ ಮನೆಗೆ ಬರುತ್ತದೆ.

ಹೀಗೆ ಎಲ್ಲ ಸಾಕ್ಷಿ ಗುಡ್ಡೆ ಹಾಕಿಕೊಂಡು ನಾನೊಂದು ಭಾನುವಾರ ಮಾಮನ ಮನೆಯಲ್ಲಿ ನಿರ್ಣಯ ಮಂಡಿಸಿದೆ. ಇನ್ನು ಮೇಲೆ ವಾರದಲ್ಲಿ ಐದು ದಿನ ಮಧ್ಯಾಹ್ನ ರೊಟ್ಟಿ, ಎರಡು ಪಲ್ಯ, ಒಂದು ಹಸಿಯದು. ಅನ್ನ ಕೊನೆಗೆ ಒಂದು ಸೌಟು, ಮಜ್ಜಿಗೆಗೆ. ಬೋಗುಣಿ, ಆಲಿವ್ ಎಣ್ಣೆ ಬೆಂಗಳೂರಿಗೆ ವಾಪಸು. ಮಾಮ ಮೀಸೆ ನೀವಿ, ಮಿರ್ಚಿಯ ಬಗ್ಗೆ ನಿರ್ಣಯ ಮೌನವಾಗಿರುವುದನ್ನು ಗಮನಿಸಿ, “ಆಗಲಿ, ಮಂಜೂರು” ಎಂದರು. ಇಬ್ಬರೂ ಬೀಗಿದೆವು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ರೊಟ್ಟಿ ಯಾರು ಬಡೀತಾರೆ?”

ಯೋಜನೆ ಮಾಡುವವರ ಎಣಿಕೆಯಲ್ಲಿ ಇಂಥದ್ದು ಎಂದೂ ಇರುವುದಿಲ್ಲ. ಅನ್ನಕ್ಕೆ ಕುಕ್ಕರ್ ಸೀಟಿ ಸಾಕು. ರೊಟ್ಟಿಗೆ ಹಿಟ್ಟು ನಾದಬೇಕು, ಬಡಿಯಬೇಕು, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಒಲೆಯ ಮುಂದೆ ಒಂದು ತಾಸು ಕೂರಬೇಕು. ಮನೆಮನೆಗಳಲ್ಲಿ ರೊಟ್ಟಿ ಹಿಂದೆ ಸರಿದದ್ದಕ್ಕೆ ಅಣೆಕಟ್ಟಿನಷ್ಟೇ ಕುಕ್ಕರೂ ಕಾರಣ ಎಂದು ನನ್ನ ಸಿದ್ಧಾಂತಕ್ಕೆ ಅಲ್ಲೇ ತಿದ್ದುಪಡಿ ತಂದೆ. ಖಡಕ್ ರೊಟ್ಟಿ ಕಟ್ಟಿ ಮಾರುವ ಹೆಂಗಸರು ಬೀದಿಬೀದಿಯಲ್ಲಿ ಇದ್ದಾರಲ್ಲ, ಅವರಿಂದ ತರೋಣ ಎಂದು ಮಾಮ ಜೇಬು ಮುಟ್ಟಿಕೊಂಡರು.

“ತರ್ರಿ. ರೊಟ್ಟಿ ಬರ್ತೈತೆ. ಸೊಪ್ಪು ಸೋಸೋರು ಯಾರು?”

ಉತ್ತರಕ್ಕೆ ಕಾಯದೆ ನಮ್ಮಿಬ್ಬರ ನಡುವೆ ಹಳೇ ಪೇಪರ್ ಹಾಸಿ ನಾಲ್ಕು ಕಟ್ಟು ಪುಂಡಿ, ಎರಡು ಕಟ್ಟು ರಾಜಗಿರಿ ಬಿಚ್ಚಿ ಸುರಿದಳು. ಕೂತೆವು. ಮಾಮ ಕನ್ನಡಕ ಏರಿಸಿ, ಲಾರಿ ಲೆಕ್ಕದ ಶ್ರದ್ಧೆಯಿಂದ ಒಂದೊಂದೇ ಎಲೆಯನ್ನು ಹಿಂದು ಮುಂದು ತಿರುಗಿಸಿ ನೋಡಿ ಚಿವುಟತೊಡಗಿದರು. ಅರ್ಧ ಗಂಟೆಯಾದ ಮೇಲೆ ಅಕ್ಕ ಬಂದು ಬಗ್ಗಿ ನೋಡಿದಳು.

“ಅಯ್ಯೋ, ಕಡ್ಡಿ ಎಲ್ಲಾ ಬುಟ್ಟಿಗೆ ಹಾಕೀರಲ್ಲರೀ, ಎಲೆ ಎಲ್ಲಾ ಕಸಕ್ಕ!”

“ನಾನಲ್ಲ,” ಎಂದರು ಮಾಮ ಬೆರಳನ್ನು ನನ್ನ ಕಡೆ ತೋರಿಸುತ್ತ, “ನಿನ್ನ ತಮ್ಮಗ ಕೇಳು, ನಾರು ಇರಬೇಕು ಇರಬೇಕು ಅಂತ ಮುಂಜಾನಿಂದ ಒದರಾಕತ್ತಾನೆ.”